ನಾಯಕಿ ಎಂಬ ಮಾತು: ಚಲಚ್ಚಿತ್ರದ ಓಬವ್ವ ಮತ್ತು ಆಳಿದ ಹೆಣ್ಣುಗಳು

ಚಿತ್ರದುರ್ಗದ ಸೀಮೆಯಲ್ಲಿ 'ನಾಯಕ' ಎಂಬ ಶಬ್ದಕ್ಕೆ ಖಚಿತವಾದ ಒಂದು ಚಾರಿತ್ರಿಕ ಅರ್ಥವುಂಟು. ವಿಜಯನಗರದ ಅರಸರಿಂದ ಮೊದಲು ಹೊಳಲ್ಕೆರೆಯ, ಅನಂತರ ಹಿರಿಯೂರು ಮತ್ತು ಚಿತ್ರದುರ್ಗಗಳ ನಾಯಕತನವನ್ನು ಪಡೆದ ಮತ್ತಿ ತಿಮ್ಮಣ್ಣನಾಯಕನಿಂದ ಮೊದಲುಗೊಂಡು, ೧೭೭೯ರಲ್ಲಿ ಹೈದರಾಲಿಗೆ ಸೆರೆಯಾದ ಕೊನೆಯ ಮದಕರಿನಾಯಕನವರೆಗೆ, ನಾಯಕನೆಂದರೆ ದಂಡನ್ನು ನಡೆಸುವವನು, ಕಂದಾಯವನ್ನು ಎತ್ತುವವನು, ಕೆರೆಕಟ್ಟೆಗಳನ್ನು ಕಾಯುವವನು, ನ್ಯಾಯವನ್ನು ತೀರ್ಮಾನಿಸುವವನು. ಆ ಮನೆತನದ ರಾಣಿಯರನ್ನು 'ನಾಗತಿ'ಯರೆಂದು ಕರೆಯುವ ವಾಡಿಕೆಯಿತ್ತು. ಚಲಚ್ಚಿತ್ರದ ಪರಿಭಾಷೆಯಲ್ಲಾದರೋ 'ನಾಯಕಿ' ಎಂದರೆ ಕಥಾನಾಯಕನು ಪ್ರೀತಿಸುವ ಹೆಣ್ಣು. ಅವಳು ಯಾರನ್ನೂ ನಡೆಸಬೇಕಾದುದಿಲ್ಲ. ನಟಿಯೊಬ್ಬಳು ನೂರು ಚಿತ್ರಗಳಲ್ಲಿ ನಾಯಕಿಯಾಗಿದ್ದೂ ಒಂದರಲ್ಲಿಯಾದರೂ ನಾಯಕತ್ವವನ್ನು ವಹಿಸದೆ ಇರಬಹುದು. ಒಂದೇ ಮಾತಿನ ಈ ಎರಡು ಅರ್ಥಗಳ ನಡುವೆ ಇರುವ ಅಂತರವೇ ಪ್ರಕೃತ ಲೇಖನದ ವಿಷಯ. ಅದನ್ನು ಅಳೆಯುವುದಕ್ಕೆ ನಮ್ಮ ದುರ್ಗಕ್ಕಿಂತ ತಕ್ಕ ಸ್ಥಳ ಬೇರೊಂದಿಲ್ಲ. ಏಕೆಂದರೆ ಕನ್ನಡ ಚಲಚ್ಚಿತ್ರವು ಕಂಡ ಅತ್ಯಂತ ಪ್ರಸಿದ್ಧ ವೀರಸ್ತ್ರೀ ಈ ಕೋಟೆಯವಳು.

ಪುಟ್ಟಣ್ಣ ಕಣಗಾಲ್ ಅವರ 'ನಾಗರಹಾವು' ೧೯೭೨ರ ಕೊನೆಯಲ್ಲಿ ತೆರೆಕಂಡಿತು. ತ. ರಾ. ಸುಬ್ಬರಾಯರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಆಧರಿಸಿದ ಈ ಚಿತ್ರ ಮೂಲತಃ ಸಾಮಾಜಿಕ ವಸ್ತುವುಳ್ಳದ್ದು. ಕಾಲೇಜಿಗೆ ಹೋಗುವ ಹಟಮಾರಿ ಹುಡುಗ ರಾಮಾಚಾರಿ, ಅವನನ್ನು ಮಗನಂತೆ ಕಾಣುವ ಚಾಮಯ್ಯ ಮೇಷ್ಟರು, ಅವನ ಬದುಕಿನಲ್ಲಿ ಬಂದುಹೋಗುವ ಅಲಮೇಲು ಮತ್ತು ಮಾರ್ಗರೆಟ್: ಇವರ ಕಥೆ ಅದು. ಈ ಕಥೆಯ ನಡುವೆ ಒಂದು ಹಾಡಿನ ರೂಪದಲ್ಲಿ ಹದಿನೆಂಟನೆಯ ಶತಮಾನದ ಓಬವ್ವ ಬಂದು, ಕೆಲವೇ ನಿಮಿಷಗಳಲ್ಲಿ ಹೋರಾಡಿ ಮಡಿಯುತ್ತಾಳೆ. ಪಿ. ಬಿ. ಶ್ರೀನಿವಾಸರ ಕಂಠ, ವಿಜಯಭಾಸ್ಕರರ ಸಂಗೀತ, ಜಯಂತಿಯವರ ಅಭಿನಯ. ಚಿತ್ರದ ಉಳಿದ ಭಾಗವನ್ನು ಮರೆತವರಿಗೂ ಈ ನಿಮಿಷಗಳು ನೆನಪಿನಲ್ಲಿವೆ. ವಿದ್ಯಾರ್ಥಿಗಳನ್ನು ಕೋಟೆಗೆ ಕರೆದೊಯ್ದ ಯಾವ ಅಧ್ಯಾಪಕನಾದರೂ ಇದನ್ನು ಬಲ್ಲನು: ಕಿಂಡಿಯ ಬಳಿಗೆ ಬಂದೊಡನೆ ಗುಂಪಿನಲ್ಲಿ ಯಾರೋ ಒಬ್ಬರು ಆ ರಾಗವನ್ನು ಗುನುಗತೊಡಗುತ್ತಾರೆ, ನಾವು ಹೇಳಬೇಕೆಂದಿದ್ದ ಮುತ್ತಿಗೆಯ ಕಥೆ ಅಲ್ಲಿಗೇ ನಿಲ್ಲುತ್ತದೆ.

ಇದು ದೂರಲ್ಲ. ಓಬವ್ವನ ವೃತ್ತಾಂತ ಮುಖ್ಯವಾಗಿ ಬಾಯಿಂದ ಬಾಯಿಗೆ ಬಂದದ್ದು. ಕಿಂಡಿಯೊಂದರ ಹೆಸರಿನಲ್ಲಿ, ಊರಿನ ಹಿರಿಯರ ಮಾತಿನಲ್ಲಿ ಅದು ಉಳಿದುಕೊಂಡಿತು. ದುರ್ಗದ ಇತಿಹಾಸಕ್ಕಾಗಿ ಜೀವವನ್ನೇ ತೇಯ್ದ ಹುಲ್ಲೂರು ಶ್ರೀನಿವಾಸ ಜೋಯಿಸರಂಥವರ ಶ್ರಮವಿಲ್ಲದಿದ್ದರೆ ನಾಯಕರ ಕಾಲದ ಎಷ್ಟೋ ಸಂಗತಿಗಳು ನಮಗೆ ದಕ್ಕುತ್ತಿರಲಿಲ್ಲ. ಹೀಗೆ ಸ್ಥಳೀಯವಾಗಿದ್ದ ನೆನಪೊಂದನ್ನು ನಾಡಿನ ಸಮಸ್ತರ ನೆನಪನ್ನಾಗಿ ಮಾಡಿದ್ದು ಚಲಚ್ಚಿತ್ರವೇ. ೨೦೨೧ರಲ್ಲಿ ರಾಜ್ಯ ಸರ್ಕಾರವು ನವೆಂಬರ್ ೧೧ನ್ನು ಓಬವ್ವ ಜಯಂತಿಯೆಂದು ಆಚರಿಸಲು ತೀರ್ಮಾನಿಸಿತು. ಛಲವಾದಿ ಸಮುದಾಯದವರು ಆಕೆಯನ್ನು ತಮ್ಮವಳೆಂದು ಅಭಿಮಾನದಿಂದ ಸ್ಮರಿಸುತ್ತಾರೆ. ಈ ಗೌರವಗಳ ಹಿಂದೆ ಆ ಹಾಡಿನ ಪಾಲೂ ಇದೆಯೆಂಬುದನ್ನು ಅಲ್ಲಗಳೆಯಲಾಗದು. ದಾಖಲೆಯನ್ನು ನೆಚ್ಚುವ ಇತಿಹಾಸಕಾರನು ಇಲ್ಲಿ ಸ್ವಲ್ಪ ವಿನಯದಿಂದಿರುವುದು ಒಳ್ಳೆಯದು.

ಆದರೂ ಪರಂಪರೆ ಹೇಳುವ ಕಥೆಯನ್ನು ಒಮ್ಮೆ ನಿಧಾನವಾಗಿ ಓದಿಕೊಳ್ಳೋಣ. ಹೈದರಾಲಿಯ ದಂಡು ಕೋಟೆಯನ್ನು ಮುತ್ತಿದೆ. ಕಾವಲಿನವನಾದ ಕಹಳೆ ಮುದ್ದಹನುಮಪ್ಪ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಿದ್ದಾನೆ. ಮನೆಯಲ್ಲಿ ನೀರಿಲ್ಲ, ಹೆಂಡತಿ ಕೊಡವನ್ನು ಹಿಡಿದು ತಣ್ಣೀರು ದೋಣಿಯತ್ತ ಹೋಗುತ್ತಾಳೆ. ಬಂಡೆಗಳ ಸಂದಿನಲ್ಲಿ ಪಿಸುಮಾತು ಕೇಳುತ್ತದೆ. ಶತ್ರುಗಳು ಒಬ್ಬೊಬ್ಬರಾಗಿ ಕಿಂಡಿಯಲ್ಲಿ ತೂರಿ ಬರುತ್ತಿದ್ದಾರೆ. ಆಕೆ ಮನೆಗೆ ಹಿಂದಿರುಗಿ, ಉಣ್ಣುತ್ತಿರುವ ಗಂಡನನ್ನು ಎಬ್ಬಿಸದೆ, ಮೂಲೆಯಲ್ಲಿದ್ದ ಒನಕೆಯನ್ನು ತೆಗೆದುಕೊಂಡು ಬಂದು ಕಿಂಡಿಯ ಪಕ್ಕದಲ್ಲಿ ನಿಲ್ಲುತ್ತಾಳೆ. ತಲೆ ಒಳಕ್ಕೆ ಬಂದಂತೆಲ್ಲ ಹೊಡೆಯುತ್ತಾಳೆ. ಹಿಂದಿನವನಿಗೆ ಸುಳಿವು ಸಿಕ್ಕದಂತೆ ಹೆಣವನ್ನು ಪಕ್ಕಕ್ಕೆ ಎಳೆದುಹಾಕುತ್ತಾಳೆ. ಊಟ ಮುಗಿಸಿ ಬಂದ ಗಂಡನು ಕಂಡದ್ದು ಹೆಣಗಳ ರಾಶಿಯನ್ನು. ಅವನು ಕಹಳೆಯೂದಿ ದಂಡನ್ನು ಎಚ್ಚರಿಸುತ್ತಾನೆ. ಓಬವ್ವ ಹೇಗೆ ಮಡಿದಳೆಂಬ ವಿಷಯದಲ್ಲಿ ಹೇಳಿಕೆಗಳು ಒಂದೇ ತೆರನಾಗಿಲ್ಲ; ಶತ್ರುವಿನ ಕೈಯಿಂದ ಎಂದು ಕೆಲವರು, ಆಘಾತದಿಂದ ಎಂದು ಕೆಲವರು ಹೇಳುವರು.

ಈ ಕಥೆಯಲ್ಲಿ ಶೌರ್ಯವಿದೆ ಎಂಬುದಕ್ಕೆ ಯಾರೂ ಸಾಕ್ಷ್ಯ ಕೇಳಬೇಕಿಲ್ಲ. ಆದರೆ ಶೌರ್ಯಕ್ಕಿಂತ ಮೊದಲು ಇಲ್ಲೊಂದು ತೀರ್ಮಾನವಿದೆ. ಎಲ್ಲಿ ನಿಂತರೆ ಒಬ್ಬಳು ನೂರು ಮಂದಿಗೆ ಸಾಟಿಯಾದಾಳು, ಯಾವ ಆಯುಧ ಸದ್ದಿಲ್ಲದೆ ಕೆಲಸ ಮಾಡೀತು, ಹೆಣವನ್ನು ಏಕೆ ಮರೆಮಾಡಬೇಕು ಎಂಬ ಲೆಕ್ಕಾಚಾರವಿದೆ. ಇಕ್ಕಟ್ಟಾದ ಕಣಿವೆಯಲ್ಲಿ ಸಣ್ಣ ದಂಡು ದೊಡ್ಡ ದಂಡನ್ನು ತಡೆಯುವ ಉಪಾಯವನ್ನು ಯುದ್ಧದ ಇತಿಹಾಸಗಳೆಲ್ಲ ಸೇನಾನಿಗಳ ಹೆಸರಿನಲ್ಲಿ ಕೊಂಡಾಡುತ್ತವೆ. ಓಬವ್ವ ಮಾಡಿದ್ದೂ ಅದನ್ನೇ. ಗಂಡನನ್ನು ಎಬ್ಬಿಸದೆ ಹೋದದ್ದನ್ನು ಪತಿಭಕ್ತಿಯೆಂದು ಹೇಳುವವರುಂಟು. ಎಬ್ಬಿಸುವಷ್ಟರಲ್ಲಿ ನಾಲ್ಕಾರು ಮಂದಿ ಒಳಕ್ಕೆ ಬಂದಿರುತ್ತಿದ್ದರು ಎಂಬ ವಿವೇಚನೆಯೆಂದೂ ಅದನ್ನು ಓದಬಹುದಷ್ಟೆ.

ಪುಟ್ಟಣ್ಣನವರ ಚಿತ್ರ ಇವೆರಡರಲ್ಲಿ ಯಾವುದನ್ನು ಆರಿಸಿಕೊಂಡಿತು? ಕೋಟೆಯ ಕಲ್ಲನ್ನು ಅವರು ಬಳಸಿಕೊಂಡ ಬಗೆ ಅಪೂರ್ವವಾದುದು. ದರ್ಬಾರಿನ ಪರದೆಗಳಿಲ್ಲ, ಬಣ್ಣದ ಕಂಬಗಳಿಲ್ಲ. ನಿಜವಾದ ಬಂಡೆ, ನಿಜವಾದ ಬಿಸಿಲು. ನಮ್ಮ ಹೆಂಗಸರು ರಾಗಿ, ಭತ್ತಗಳನ್ನು ಕುಟ್ಟುತ್ತ ಹಾಡಿಕೊಂಡು ಬಂದ ಆ ಒನಕೆ ಎತ್ತಿ ಇಳಿಯುವಾಗ ಅಡುಗೆಮನೆಯ ದುಡಿಮೆಯ ಲಯವೇ ಯುದ್ಧದ ಲಯವಾಗುತ್ತದೆ. ಇದನ್ನು ಕಂಡ ನಿರ್ದೇಶಕನ ಕಣ್ಣು ದೊಡ್ಡದು. ಆದರೆ ಜಯಂತಿಯವರ ಮುಖದಲ್ಲಿ ಅವರು ಅರಸಿದ್ದು ಉಗ್ರತೆಯನ್ನು; ವಿವೇಚನೆಯನ್ನಲ್ಲ. ಅರಳಿದ ಕಣ್ಣು, ಕೆದರಿದ ಕೂದಲು, ಮೈದುಂಬಿದ ಆವೇಶ: ಪ್ರೇಕ್ಷಕನಿಗೆ ನೆನಪಾಗುವುದು ಊರಮಾರಿಯ ಗುಡಿ. ಹೆಣ್ಣು ಆಯುಧವನ್ನು ಹಿಡಿದಾಗ ಅವಳನ್ನು ದೇವಿಯನ್ನಾಗಿ ಮಾಡುವುದು ನಮ್ಮ ಹಳೆಯ ಅಭ್ಯಾಸ. ಅದರಲ್ಲಿ ಭಕ್ತಿಯಿದೆ, ಒಂದು ಬಗೆಯ ಅನುಕೂಲವೂ ಇದೆ. ದೇವಿ ಆವೇಶ ಬಂದಾಗ ಬರುತ್ತಾಳೆ, ಇಳಿದಾಗ ಹೋಗುತ್ತಾಳೆ. ಮರುದಿನದ ಸಭೆಯಲ್ಲಿ ಕೂತು ಮಾತನಾಡುವುದಿಲ್ಲ. ಹಾಡು ಮುಗಿಯುವಷ್ಟರಲ್ಲಿ ಓಬವ್ವನೂ ಮಡಿದಿರುತ್ತಾಳೆ. ಕೋಟೆಯನ್ನು ಉಳಿಸಿದವಳನ್ನು ನಾಯಕನು ಹೇಗೆ ಕಾಣಬೇಕು, ಕಾವಲಿನ ಕೆಲಸದಲ್ಲಿ ಅವಳಿಗೊಂದು ಸ್ಥಾನ ಕೊಡಬೇಕೆ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ.

ಇದಕ್ಕಿಂತ ಗಹನವಾದ ಸಂಗತಿ ಆ ಹಾಡಿನ ಹೊರಗೆ, ಚಿತ್ರದ ಒಡಲಲ್ಲಿಯೇ ಇದೆ. ವಿಮರ್ಶಕರು ಇದರತ್ತ ಇನ್ನೂ ಹೆಚ್ಚು ಗಮನ ಕೊಡಬೇಕಿತ್ತೆಂದು ನನ್ನ ಅಭಿಪ್ರಾಯ. ಓಬವ್ವನ ಊರಿನಲ್ಲಿಯೇ, ಅದೇ ಬಂಡೆಗಳ ನೆರಳಿನಲ್ಲಿಯೇ ಅಲಮೇಲು ಇದ್ದಾಳೆ. ಅವಳನ್ನು ಜಲೀಲ ಪೀಡಿಸುತ್ತಾನೆ. ಅಣ್ಣ ವರದ ಅವಳ ರಕ್ಷಣೆಗಾಗಿ ರಾಮಾಚಾರಿಯ ತೋಳ್ಬಲವನ್ನು ಬೇಡುತ್ತಾನೆ, ಕೊಟ್ಟ ಮಾತನ್ನು ಮುರಿಯುತ್ತಾನೆ. ಚಾಮಯ್ಯ ಮೇಷ್ಟರು ಕುಲಾಚಾರದ ಹೆಸರಿನಲ್ಲಿ ರಾಮಾಚಾರಿಯನ್ನು ಒಪ್ಪಿಸಿ ಅವಳ ಮದುವೆಯನ್ನು ಬೇರೆಡೆಗೆ ಸಾಗಿಸುತ್ತಾರೆ. ಗಂಡ ಅವಳನ್ನು ವೇಶ್ಯಾವೃತ್ತಿಗೆ ನೂಕುತ್ತಾನೆ. ಅವಳ ಬದುಕನ್ನು ನಾಲ್ವರು ಗಂಡಸರು ತೀರ್ಮಾನಿಸುತ್ತಾರೆ. ಅವಳೊಬ್ಬಳ ಮಾತಿಗೆ ಬೆಲೆಯಿಲ್ಲ. ಕ್ರೈಸ್ತ ಹುಡುಗಿ ಮಾರ್ಗರೆಟ್ ಕೊಂಚ ದಿಟ್ಟೆ. ಅವಳ ಪಾಲಿಗೆ ಉಳಿಯುವುದು ಪ್ರಿಯನೊಂದಿಗೆ ಬೆಟ್ಟದಿಂದ ಹಾರುವ ಸ್ವಾತಂತ್ರ್ಯ. ಕೋಟೆಯ ಕಡಿದಾದ ಬಂಡೆಗಳನ್ನು ಹತ್ತುವ ರಾಮಾಚಾರಿಯಲ್ಲಿ ದುರ್ಗದ ಕೆಚ್ಚು ಹರಿದುಬಂದಿದೆಯೆಂದು ಚಿತ್ರ ನಮ್ಮನ್ನು ನಂಬಿಸುತ್ತದೆ. ಹಾಗಾದರೆ ಓಬವ್ವನ ಕೆಚ್ಚು ಯಾರಿಗೆ ಬಂತು? ಅಲಮೇಲುವಿಗಲ್ಲ, ಮಾರ್ಗರೆಟ್ಟಿಗಲ್ಲ, ಮೇಷ್ಟರ ಹೆಂಡತಿ ತುಂಗಮ್ಮನಿಗೂ ಅಲ್ಲ. ಹೆಣ್ಣಿನ ಶೌರ್ಯಕ್ಕೆ ಗಂಡು ಉತ್ತರಾಧಿಕಾರಿಯಾದನು.

ಪುಟ್ಟಣ್ಣನವರು ಇದನ್ನು ಉದ್ದೇಶಪೂರ್ವಕವಾಗಿಯೇ ಎದುರುಬದುರಾಗಿ ಇಟ್ಟರೆ? ಹೆಣ್ಣಿನ ಮನಸ್ಸಿನ ಸಂಕಟವನ್ನು ಅವರಷ್ಟು ಆಳವಾಗಿ ನೋಡಿದ ಕನ್ನಡ ನಿರ್ದೇಶಕರು ವಿರಳ. 'ಶರಪಂಜರ'ದ ಕಾವೇರಿಯನ್ನೂ, ಜಯಂತಿಯವರೇ ಅಭಿನಯಿಸಿದ 'ಎಡಕಲ್ಲು ಗುಡ್ಡದ ಮೇಲೆ'ಯ ಮಾಧವಿಯನ್ನೂ ಕೊಟ್ಟವರು ಅವರು. ಆದುದರಿಂದ ಅಲಮೇಲುವಿನ ದುರಂತದಲ್ಲಿ ಸಮಾಜದ ಮೇಲಿನ ಟೀಕೆಯಿದೆ ಎಂಬುದನ್ನು ಒಪ್ಪಬೇಕು. ಆದರೆ ಟೀಕೆಯ ಭಾರವೆಲ್ಲ ಮೇಷ್ಟರ ಮತ್ತು ಶಿಷ್ಯನ ಸಂಬಂಧದ ಮೇಲೆ ಬೀಳುತ್ತದೆ. ಚಿತ್ರ ಅಳುವುದು ರಾಮಾಚಾರಿಗಾಗಿ. ಕಾದಂಬರಿಕಾರರಿಗೆ ಈ ಚಿತ್ರ ತೃಪ್ತಿ ಕೊಡಲಿಲ್ಲವೆಂಬುದು ಸರ್ವವಿದಿತವಾದ ಸಂಗತಿ. ಅವರ ಕಾರಣಗಳು ಬೇರೆ, ಆ ವಿವಾದ ಇಲ್ಲಿ ನಮಗೆ ಬೇಡ.

ಇನ್ನು ಪಟ್ಟವನ್ನೇರಿದ ಹೆಣ್ಣಿನ ಚಿತ್ರಣವನ್ನು ನೋಡಿದರೆ ೧೯೬೧ರ 'ಕಿತ್ತೂರು ಚೆನ್ನಮ್ಮ' ಮೊದಲು ನೆನಪಾಗುತ್ತದೆ. ಬಿ. ಆರ್. ಪಂತುಲು ನಿರ್ದೇಶಿಸಿದ ಈ ಚಿತ್ರದಲ್ಲಿ ಬಿ. ಸರೋಜಾದೇವಿಯವರು ಚೆನ್ನಮ್ಮನಾಗಿ, ರಾಜಕುಮಾರರು ಮಲ್ಲಸರ್ಜ ದೇಸಾಯಿಯಾಗಿ ಅಭಿನಯಿಸಿದರು. ಎರಡು ವರ್ಷ ಮೊದಲು ಪಂತುಲು ಅವರೇ ತಮಿಳಿನಲ್ಲಿ 'ವೀರಪಾಂಡ್ಯ ಕಟ್ಟಬೊಮ್ಮನ್' ತೆಗೆದಿದ್ದರು. ಕಂಪನಿಯ ಅಧಿಕಾರಿಯ ಎದುರು ನಿಂತು ಕಪ್ಪವೇಕೆ ಕೊಡಬೇಕೆಂದು ಗರ್ಜಿಸುವ ಆ ಅಚ್ಚು ಕಿತ್ತೂರಿಗೂ ಬಂತು. ಸರೋಜಾದೇವಿಯವರ ಕಪ್ಪದ ಮಾತುಗಳನ್ನು ಶಾಲೆಯ ವಾರ್ಷಿಕೋತ್ಸವಗಳಲ್ಲಿ ಹೆಣ್ಣುಮಕ್ಕಳು ಇಂದಿಗೂ ಕಂಠಪಾಠವಾಗಿ ಒಪ್ಪಿಸುತ್ತಾರೆ. ಅದರ ಪ್ರಭಾವ ಅಲ್ಪವಲ್ಲ. ಆದರೆ ಇತಿಹಾಸದ ಚೆನ್ನಮ್ಮನ ಎದುರಿಗಿದ್ದ ಮುಖ್ಯ ಪ್ರಶ್ನೆ ಕಪ್ಪದ್ದಲ್ಲ, ದತ್ತಕದ್ದು. ೧೮೨೪ರಲ್ಲಿ ಶಿವಲಿಂಗ ರುದ್ರಸರ್ಜ ತೀರಿಕೊಂಡಾಗ ದತ್ತುಮಗನ ಹಕ್ಕನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಮನ್ನಿಸಲಿಲ್ಲ. ಚೆನ್ನಮ್ಮ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ನಿಗೆ ಪತ್ರ ಬರೆದಳು. ಆ ದಾರಿ ಮುಚ್ಚಿದ ಮೇಲೆಯೇ ಅಕ್ಟೋಬರ್ ೨೩ರ ಕಾಳಗ, ಥ್ಯಾಕರೆಯ ಸಾವು. ಸೆರೆಸಿಕ್ಕ ಇಬ್ಬರು ಅಧಿಕಾರಿಗಳನ್ನು ಒತ್ತೆಯಾಗಿಟ್ಟುಕೊಂಡು ಮಾತುಕತೆ ನಡೆಸಿದ್ದು, ಅವರನ್ನು ಬಿಟ್ಟುಕೊಟ್ಟದ್ದು, ಡಿಸೆಂಬರಿನ ಮುತ್ತಿಗೆ: ಇವೆಲ್ಲವೂ ರಾಜನೀತಿಯ ಘಟ್ಟಗಳು. ಪತ್ರ ಬರೆಯುವ ಚೆನ್ನಮ್ಮ, ಒತ್ತೆಯಾಳುಗಳನ್ನು ಬಿಡಬೇಕೆ ಇಟ್ಟುಕೊಳ್ಳಬೇಕೆ ಎಂದು ತೂಗುವ ಚೆನ್ನಮ್ಮ ಜನಮನದಲ್ಲಿ ನಿಲ್ಲಲಿಲ್ಲ. ಗರ್ಜಿಸುವ ಚೆನ್ನಮ್ಮ ನಿಂತಳು. ಅದಕ್ಕೂ ಸಂತೋಷಪಡಬೇಕಾದ ಕಾಲ ಬಂತು. ೨೦೧೨ರ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ'ದಲ್ಲಿ ಜಯಪ್ರದಾ ಅವರು ರಾಣಿಯಾಗಿ ಬಂದಾಗ ಕಥೆಯ ಯಜಮಾನಿಕೆ ಆಕೆಯ ಕೈಬಿಟ್ಟಿತ್ತು. ರಾಯಣ್ಣನ ತ್ಯಾಗ ದೊಡ್ಡದು, ಅವನಿಗೊಂದು ಚಿತ್ರ ಸಲ್ಲಬೇಕಾದುದೇ. ಅರ್ಧ ಶತಮಾನದಲ್ಲಿ ಒಡತಿ ಎರಡನೆಯ ಪಾತ್ರವಾದಳು ಎಂಬುದನ್ನಂತೂ ಗುರುತಿಸಬೇಕು.

ಹೆಣ್ಣು ನಿಜವಾಗಿ ಆಳಿದ ಸಂದರ್ಭಗಳಲ್ಲಿ ನಮ್ಮ ನೆನಪು ಏನು ಮಾಡುತ್ತದೆ ಎಂಬುದಕ್ಕೆ ಬಿದನೂರಿನ ವೀರಮ್ಮಾಜಿ ನಿದರ್ಶನ. ಇಕ್ಕೇರಿ ರಾಜ್ಯದ ಕೊನೆಯ ಒಡತಿ ಆಕೆ. ೧೭೬೩ರಲ್ಲಿ ಹೈದರನು ಬಿದನೂರನ್ನು ಹಿಡಿದಾಗ, ಸತ್ತನೆಂದು ತಿಳಿಯಲಾಗಿದ್ದ ಚೆನ್ನಬಸವನಾಯಕನು ತಾನೇ ಎಂದು ಹೇಳಿಕೊಂಡವನೊಬ್ಬನನ್ನು ಹೈದರನ ಬಳಿಗೆ ತಲಪಿಸಿದ್ದು ನಮ್ಮ ದುರ್ಗದ ನಾಯಕನೇ. ಓಬವ್ವನನ್ನು ಕೊಂಡಾಡುವ ನಾವು ಇದನ್ನು ಅಷ್ಟಾಗಿ ಹೇಳುವುದಿಲ್ಲ: ಹೈದರನ ವಿರುದ್ಧ ಹೆಣ್ಣೊಬ್ಬಳು ಒನಕೆ ಎತ್ತಿದ ಕೋಟೆಯೇ, ಕೆಲವು ವರ್ಷಗಳ ಹಿಂದೆ, ಇನ್ನೊಬ್ಬ ಹೆಣ್ಣಿನ ರಾಜ್ಯವನ್ನು ಅದೇ ಹೈದರನು ನುಂಗಲು ನೆರವಾಗಿತ್ತು. ವೀರಮ್ಮಾಜಿ ಮಧುಗಿರಿಯಲ್ಲಿ ಸೆರೆಯಾಗಿದ್ದು, ೧೭೬೭ರಲ್ಲಿ ಮರಾಠರಿಂದ ಬಿಡುಗಡೆ ಹೊಂದಿ, ಪುಣೆಯ ದಾರಿಯಲ್ಲಿ ತೀರಿಕೊಂಡಳು. ವಿಲ್ಕ್ಸನ ಇತಿಹಾಸವನ್ನು ತೆರೆದರೆ ಆಕೆಯ ಆಡಳಿತಕ್ಕಿಂತ ಆಕೆಯ ಶೀಲದ ಮೇಲಿನ ಅಪವಾದಗಳೇ ಎದ್ದು ಕಾಣುತ್ತವೆ. ಅವು ನಿಜವೋ ಸುಳ್ಳೋ ನಿರ್ಣಯಿಸುವುದು ಇಲ್ಲಿಯ ಕೆಲಸವಲ್ಲ. ಗಂಡಸು ಅರಸನಾದರೆ ಅಂತಃಪುರದ ಸಂಗತಿ ಕೊನೆಯ ಅಧ್ಯಾಯಕ್ಕೆ ಹೋಗುತ್ತದೆ. ಹೆಂಗಸು ಆಳಿದರೆ ಅದೇ ಮೊದಲ ಅಧ್ಯಾಯವಾಗುತ್ತದೆ. ಒಂದೇ ಮಧ್ಯಾಹ್ನದಲ್ಲಿ ಹೋರಾಡಿ ಮಡಿದವಳನ್ನು ಹೊಗಳುವುದು ಸುಲಭ. ವರ್ಷಗಟ್ಟಲೆ ಆಳಿದವಳಿಗೆ ತಪ್ಪುಗಳಿರುತ್ತವೆ, ಶತ್ರುಗಳಿರುತ್ತಾರೆ, ಅಪವಾದಗಳಿರುತ್ತವೆ. ಇಪ್ಪತ್ತೈದು ವರ್ಷಗಳಷ್ಟು ಆಳಿ, ೧೬೮೯ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತ ಕೆಳದಿಯ ಚೆನ್ನಮ್ಮಾಜಿಗೂ ಜನಪ್ರಿಯ ಚಿತ್ರಗಳ ಲೋಕದಲ್ಲಿ ಓಬವ್ವನಿಗೆ ದೊರೆತ ಸ್ಥಾನ ದೊರೆಯಲಿಲ್ಲ.

ದುರ್ಗದಲ್ಲಿಯೇ ಇನ್ನೊಬ್ಬ ಓಬವ್ವನಿದ್ದಳು. ತ. ರಾ. ಸು. ಅವರ 'ಕಂಬನಿಯ ಕುಯಿಲು' ಓದಿದವರಿಗೆ ಓಬವ್ವ ನಾಗತಿಯ ಪರಿಚಯವಿದೆ. ಗದ್ದುಗೆಯ ಬಿಕ್ಕಟ್ಟು, ದಳವಾಯಿಗಳ ಒಳಸಂಚು ಇವುಗಳ ನಡುವೆ ನಿಂತ ಅರಮನೆಯ ಹೆಣ್ಣು ಅವಳು. ಹೆಸರು ಒಂದೇ, ಒಬ್ಬಳು ಕಾವಲುಗಾರನ ಮಡದಿ, ಇನ್ನೊಬ್ಬಳು ನಾಗತಿ. ಅವರ ಕಾದಂಬರಿಗಳಲ್ಲಿ ತೆರೆಗೆ ಹೋದವು ಸಾಮಾಜಿಕ ಕಾದಂಬರಿಗಳೇ ಹೆಚ್ಚು. ದುರ್ಗದ ಗತಕಾಲದಿಂದ ಜಿ. ವಿ. ಅಯ್ಯರ್ ಅವರು ೧೯೭೫ರಲ್ಲಿ ಎತ್ತಿಕೊಂಡದ್ದು 'ಹಂಸಗೀತೆ'ಯ ಸಂಗೀತಗಾರನನ್ನು. ನಾಗತಿ ಪುಸ್ತಕದಲ್ಲಿಯೇ ಉಳಿದಳು.

ಈಚಿನ ದಶಕಗಳ ಚಿತ್ರಗಳಲ್ಲಿ ಅಧಿಕಾರ ಹೊಂದಿದ ಹೆಣ್ಣು ಇಲ್ಲವೆನ್ನಲಾಗದು. ಮಾಲಾಶ್ರೀಯವರ 'ದುರ್ಗಿ' (೨೦೦೪), 'ಕನ್ನಡದ ಕಿರಣ್ ಬೇಡಿ' (೨೦೦೯) ಮೊದಲಾದವುಗಳಲ್ಲಿ ಹೆಣ್ಣು ಹೊಡೆಯುತ್ತಾಳೆ, ಗುಡುಗುತ್ತಾಳೆ, ಖಾಕಿ ತೊಡುತ್ತಾಳೆ. ಗಂಡುನಟನಿಗೆ ಬರೆದ ಪಾತ್ರವನ್ನು ಹೆಣ್ಣಿಗೆ ಹೊಲಿಸಿಕೊಟ್ಟಂತೆ ಇವು ಇವೆಯೆಂದು ಮೂಗು ಮುರಿಯುವವರುಂಟು. ನಾನು ಅಷ್ಟು ಕಠಿಣವಾಗಿ ಹೇಳಲಾರೆ. ಮಾರುಕಟ್ಟೆಯ ಭಾರವನ್ನು ಒಬ್ಬಳೇ ಹೊರಬಲ್ಲೆನೆಂದು ತೋರಿಸಿದ ನಟಿಗೆ ಅದೂ ಒಂದು ನಾಯಕತ್ವವೇ. ಆದರೆ ಪಾತ್ರದ ಒಳಗೆ ನೋಡಿದರೆ ಅಲ್ಲಿರುವುದು ಮತ್ತೆ ಒನಕೆಯೇ, ಲಾಠಿಯ ರೂಪದಲ್ಲಿ.

ಈಗ ಹಿರಿಯೂರಿನ ಕಡೆ ತಿರುಗೋಣ. ವೇದಾವತಿಗೆ ಅಡ್ಡಲಾಗಿ ೧೮೯೮ರಿಂದ ೧೯೦೭ರವರೆಗೆ ಕಟ್ಟಿದ ಅಣೆಕಟ್ಟನ್ನು ಜನ ಮಾರಿಕಣಿವೆ ಎನ್ನುತ್ತಾರೆ. ಕಾಗದಪತ್ರಗಳಲ್ಲಿ ಅದು ವಾಣಿವಿಲಾಸ ಸಾಗರ. ೧೯೩೩ರ ಬಳಿಕ ೨೦೨೨ರಲ್ಲಿ ಅದು ಮತ್ತೊಮ್ಮೆ ಕೋಡಿ ಬಿದ್ದಾಗ ಆರೂ ತಾಲ್ಲೂಕುಗಳ ಜನ ಬಾಗಿನದಂತೆ ಹೂವು ಹಿಡಿದು ಹೋಗಿ ನೋಡಿ ಬಂದರು. ಆ ವಾಣಿವಿಲಾಸ ಯಾರು? ೧೮೯೪ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಹಠಾತ್ತಾಗಿ ತೀರಿಕೊಂಡಾಗ, ಎಳೆಯ ಮಗ ಕೃಷ್ಣರಾಜರ ಪರವಾಗಿ ೧೯೦೨ರವರೆಗೆ ಮೈಸೂರನ್ನು ಆಳಿದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು, ವಾಣಿವಿಲಾಸ ಸನ್ನಿಧಾನ. ಪ್ಲೇಗಿನ ಹಾವಳಿ ಆ ಅವಧಿಯಲ್ಲಿ; ಶಿವನಸಮುದ್ರದ ವಿದ್ಯುತ್ತು ಆ ಅವಧಿಯಲ್ಲಿ; ನಮ್ಮ ಮಾರಿಕಣಿವೆಯ ಕಾಮಗಾರಿಯ ಆರಂಭ ಆ ಅವಧಿಯಲ್ಲಿ. ದಿವಾನರ ಪಾಲು ದೊಡ್ಡದಿತ್ತು, ನಿಜ. ದಿವಾನರಿದ್ದರೆಂಬ ಕಾರಣಕ್ಕೆ ಗಂಡು ಅರಸರ ಕೀರ್ತಿಯನ್ನು ನಾವು ಕಳೆಯುವುದಿಲ್ಲ. ಇಂಥವಳನ್ನು ತೆರೆಯ ಮೇಲೆ ತರುವುದಕ್ಕೆ ಕಷ್ಟವೇನು? ಕತ್ತಿಯಿಲ್ಲ, ಕಿಂಡಿಯಿಲ್ಲ, ಸಾಯುವ ದೃಶ್ಯವಿಲ್ಲ. ಕಡತದ ಮೇಲಿನ ಸಹಿಯನ್ನು ಹಾಡಾಗಿ ಮಾಡುವ ವಿದ್ಯೆ ನಮ್ಮ ಚಿತ್ರಗಳಿಗೆ ಕರಗತವಾಗಿಲ್ಲ.

ಇದು ಅರಮನೆಯವರೊಬ್ಬರ ಪ್ರಶ್ನೆಯಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಕರ್ನಾಟಕವು ೧೯೮೩ರ ಕಾಯಿದೆಯಿಂದಲೇ ಸ್ಥಳೀಯ ಸಂಸ್ಥೆಗಳಲ್ಲಿ ಸ್ತ್ರೀಯರಿಗೆ ನೂರಕ್ಕೆ ೨೫ರಷ್ಟು ಸ್ಥಾನಗಳನ್ನು ಮೀಸಲಿಟ್ಟಿತು. ೧೯೮೭ರಲ್ಲಿ ಅದರಂತೆ ಚುನಾವಣೆ ನಡೆಯಿತು. ೨೦೧೦ರ ತಿದ್ದುಪಡಿಯಿಂದ ಅದು ಅರ್ಧಕ್ಕೇರಿತು. ಹೊಸದುರ್ಗ, ಹೊಳಲ್ಕೆರೆಗಳ ಹಳ್ಳಿಗಳಿಂದ ನಮ್ಮ ತರಗತಿಗಳಿಗೆ ಬರುವ ಹೆಣ್ಣುಮಕ್ಕಳಲ್ಲಿ ಕೆಲವರ ತಾಯಂದಿರು, ಅತ್ತೆಯಂದಿರು ಗ್ರಾಮ ಪಂಚಾಯತಿಯ ಸದಸ್ಯರು, ಅಧ್ಯಕ್ಷೆಯರು. ಅವರ ಮುಂದಿರುವುದು ಕುಡಿಯುವ ನೀರಿನ ಕೊಳವೆಬಾವಿ, ಬೀದಿದೀಪ, ಉದ್ಯೋಗ ಖಾತರಿಯ ಕೂಲಿ, ಮತ್ತು ಸಭೆಯಲ್ಲಿ ತಮ್ಮ ಬದಲು ಮಾತನಾಡಲು ಬರುವ ಗಂಡ. ನಾಯಕಿಯೆಂದರೆ ಯಾರೆಂದು ತರಗತಿಯಲ್ಲಿ ಕೇಳಿದರೆ ಈ ಹುಡುಗಿಯರ ಬಾಯಲ್ಲಿ ಮೊದಲು ಬರುವ ಹೆಸರು ಓಬವ್ವನದು, ಎರಡನೆಯದು ಚೆನ್ನಮ್ಮನದು. ತಾಯಿಯ ಹೆಸರು ಬರುವುದಿಲ್ಲ. ತೆರೆಯ ಮೇಲೆ ಕಾಣದುದನ್ನು ಮನೆಯಲ್ಲಿ ಕಂಡರೂ ಗುರುತಿಸುವುದು ಕಷ್ಟವೆಂದು ತೋರುತ್ತದೆ.

ಅಂಥದನ್ನು ತೋರಿಸುವುದು ಅಸಾಧ್ಯವೇನೂ ಅಲ್ಲ. ೧೯೮೩ರಲ್ಲಿ ಪ್ರೇಮಾ ಕಾರಂತರು ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯನ್ನು ಚಿತ್ರವಾಗಿಸಿದರು; ಎಲ್. ವಿ. ಶಾರದಾ ಅವರದು ಮುಖ್ಯಪಾತ್ರ. ಬಾಲ್ಯದಲ್ಲಿಯೇ ವಿಧವೆಯಾಗಿ, ಕೂಡುಕುಟುಂಬದ ಒಂದು ಮೂಲೆಯಲ್ಲಿ ದುಡಿಯುತ್ತಲೇ ಮುದುಕಿಯಾದವಳ ಕಥೆ. ಅವಳಿಗೆ ಪಟ್ಟವಿಲ್ಲ, ಪದವಿಯಿಲ್ಲ, ಕೈಯಲ್ಲಿ ಆಯುಧವಿಲ್ಲ. ಜಾತಿಯ ಕಟ್ಟನ್ನು ದಾಟಿ ಹೆರಿಗೆಯ ನೋವಿನಲ್ಲಿರುವವಳ ಬಳಿಗೆ ಹೋಗುತ್ತಾಳೆ. ಮನೆಯ ಎಳೆಯ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳಲಾರೆನೆಂದು ಹಟ ಹಿಡಿದಾಗ, ಆ ಪದ್ಧತಿಯನ್ನು ಜೀವಮಾನವಿಡೀ ತಾನೇ ಅನುಭವಿಸಿದ ಫಣಿಯಮ್ಮ ಹುಡುಗಿಯ ಪರವಾಗಿ ನಿಲ್ಲುತ್ತಾಳೆ. ದನಿಯೇರಿಸುವುದಿಲ್ಲ; ಅವಳ ಮಾತಿಗೆ ಮನೆಯಲ್ಲಿ ತೂಕವಿದೆ.